ಹತ್ತಿರದ ಬೆಂಗಳೂರಿನಲ್ಲಿ ನಾಲ್ಕು ತಿಂಗಳ ಮಂಚ

"ಬೆಂಗ್ಳೂರು ತಾನೆ? ಐವತ್ತು ಕಿಲೋಮೀಟ್ರು. ದಿನಾ ಓಡಾಡ್ಕೊಂಡ್ರಾಯ್ತು, ರೂಮ್ ಯಾಕೆ?" ಮಗನೋ ಮಗಳೋ ಎಂಜಿನಿಯರಿಂಗ್‌ನ ಕೊನೆಯ ವರ್ಷಕ್ಕೆ ಬಂದಾಗ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಮನೆಗಳಲ್ಲಿ ಈ ಮಾತು ಬಂದೇ ಬರುತ್ತದೆ. ಬೀದರ್‌ನ ತಂದೆ ಹೀಗೆ ಕೇಳುವುದಿಲ್ಲ. ಅಲ್ಲಿಂದ ಇಂಟರ್ನ್‌ಶಿಪ್ಪಿಗೆ ಹೊರಟ ಹುಡುಗನ ಜೊತೆ ಟ್ರಂಕು, ಹಾಸಿಗೆ ಹೊರಡಲೇಬೇಕು, ಖರ್ಚನ್ನೂ ಹೇಗೋ ಹೊಂದಿಸಲೇಬೇಕು. ನಮ್ಮ ನಾಲ್ಕು ಊರುಗಳ ಕಷ್ಟವೇ ಬೇರೆ. ನಮ್ಮ ಮಕ್ಕಳು ಬೆಂಗಳೂರಿನಲ್ಲಿ ಉಳಿಯಲೇಬೇಕಾದಷ್ಟು ದೂರದವರಲ್ಲ, ಸುಖವಾಗಿ ಓಡಾಡುವಷ್ಟು ಹತ್ತಿರದವರೂ ಅಲ್ಲ. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಮೇಲಂತೂ ರಾಜಧಾನಿ ಪಕ್ಕದ ಬೀದಿಗೇ ಬಂದಿತೆಂಬ ಭಾವನೆ ಇನ್ನೂ ಗಟ್ಟಿಯಾಗಿದೆ. ಈ 'ಹತ್ತಿರ'ದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು, ಏಕೆಂದರೆ ಒಂದಿಡೀ ಸೆಮಿಸ್ಟರಿನ ಕಲಿಕೆ ಇದರ ಮೇಲೆ ನಿಂತಿದೆ.

ಮೊದಲು ನಿಯಮ ತಿಳಿದುಕೊಳ್ಳೋಣ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿ.ಟಿ.ಯು.) 2022ರ ಪಠ್ಯಕ್ರಮದಲ್ಲಿ ಅಂತಿಮ ವರ್ಷದ ಒಂದು ಸೆಮಿಸ್ಟರ್ ಹೆಚ್ಚುಕಡಿಮೆ ಪೂರ್ತಿಯಾಗಿ ಇಂಟರ್ನ್‌ಶಿಪ್ಪಿಗೆ ಮೀಸಲು. ಅವಧಿ 14ರಿಂದ 20 ವಾರ, ಕ್ರೆಡಿಟ್ 10. ಜೊತೆಗಿರುವ ಎರಡು ಐಚ್ಛಿಕ ವಿಷಯಗಳನ್ನು ಆನ್‌ಲೈನ್‌ನಲ್ಲೇ ಮುಗಿಸಬಹುದು. ವಿದ್ಯಾರ್ಥಿ ಕಾಲೇಜಿನ ಆವರಣ ಬಿಟ್ಟು ಹೊರಗೆ ಹೋಗಿ ಕಲಿಯಲಿ ಎಂಬುದೇ ಇದರ ಉದ್ದೇಶ. ಕೈಗಾರಿಕೆಯಲ್ಲಿ ಮಾಡಬಹುದು, ಸಂಶೋಧನಾ ಸಂಸ್ಥೆಯಲ್ಲಿ ಮಾಡಬಹುದು, ಗ್ರಾಮೀಣ ಇಂಟರ್ನ್‌ಶಿಪ್ಪಿಗೂ ಅವಕಾಶವಿದೆ. ಪಾಲಿಟೆಕ್ನಿಕ್‌ಗಳ ಸಿ-20 ಪಠ್ಯಕ್ರಮದಲ್ಲೂ ಆರನೇ ಸೆಮಿಸ್ಟರ್ ಇಂಟರ್ನ್‌ಶಿಪ್ ಇಲ್ಲವೇ ಪ್ರಾಜೆಕ್ಟಿನದು. ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಗೂ ಬೆಂಗಳೂರಿನ ನಡುಮಧ್ಯದ ದೊಡ್ಡ ಕಾಲೇಜಿನ ಹುಡುಗಿಗೂ ನಿಯಮ ಒಂದೇ. ಆದರೆ ನಿಯಮದಲ್ಲಿ ವಾರಗಳ ಲೆಕ್ಕವಿದೆ, ಕ್ರೆಡಿಟ್‌ಗಳ ಲೆಕ್ಕವಿದೆ. ಆ ನಾಲ್ಕು ತಿಂಗಳು ಈ ಮಗು ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು ಎಂಬ ಮಾತು ಮಾತ್ರ ಇಲ್ಲ. ಅದನ್ನು ಮನೆಯವರ ಪಾಲಿಗೆ ಬಿಟ್ಟಾಗಿದೆ.

ಓಡಾಡುವವರ ದಿನ ಹೇಗಿರುತ್ತದೆಂದು ನೋಡಿ. ನಾಲ್ಕರಲ್ಲಿ ರೈಲಿರುವುದು ಎರಡೇ ಊರಿಗೆ. ಬೆಂಗಳೂರು–ಮೈಸೂರು ಮಾರ್ಗ 1880ರ ದಶಕದ ಆರಂಭದಲ್ಲಿ ಬಂದಾಗಿನಿಂದ ಚನ್ನಪಟ್ಟಣ, ರಾಮನಗರದವರಿಗೆ ರೈಲು ರೂಢಿ. ತಿಂಗಳ ಸೀಸನ್ ಟಿಕೆಟ್ಟು ಕೆಲವೇ ನೂರು ರೂಪಾಯಿ, ಇಷ್ಟು ಅಗ್ಗದ ಸವಾರಿ ಬೇರೊಂದಿಲ್ಲ. ಬೆಳಗಿನ ಹೊತ್ತು ಚನ್ನಪಟ್ಟಣದ ಪ್ಲಾಟ್‌ಫಾರಂನಲ್ಲಿ ನಿಂತರೆ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಸರ್ಕಾರಿ ಕಚೇರಿಯ ಗುಮಾಸ್ತರು, ಹೂವಿನ ಮೂಟೆಯವರು, ಇವರ ನಡುವೆ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ತಬ್ಬಿಕೊಂಡ ಹುಡುಗರು ಕಾಣುತ್ತಾರೆ. ಬಿಡದಿ ದಾಟುವ ಹೊತ್ತಿಗೆ ಬೋಗಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೆಎಸ್‌ಆರ್ ನಿಲ್ದಾಣದಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ವೈಟ್‌ಫೀಲ್ಡಿಗೆ ಹೋಗಬಹುದು. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಇಡೀ ಮಾರ್ಗ ತೆರೆದುಕೊಂಡದ್ದು ನಮ್ಮ ಕಡೆಯವರಿಗೆ ನಿಜಕ್ಕೂ ದೊಡ್ಡ ಅನುಕೂಲ. ಆದರೂ ಮನೆಯಿಂದ ಸ್ಟೇಷನ್ನು, ರೈಲು, ಮೆಟ್ರೊ, ಅಲ್ಲಿಂದ ಆಫೀಸು ಎಂದು ಕೂಡಿಸುತ್ತ ಹೋದರೆ ಒಂದು ದಿಕ್ಕಿಗೆ ಮೂರು ಗಂಟೆಯ ಹತ್ತಿರ ಬರುತ್ತದೆ.

ಕನಕಪುರಕ್ಕೆ ರೈಲಿಲ್ಲ. ಹೆಜ್ಜಾಲದಿಂದ ಹಾರೋಹಳ್ಳಿ, ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಮಾರ್ಗ ಮಂಜೂರಾದದ್ದು 1996-97ರಲ್ಲಿ, ಹಳಿ ಇನ್ನೂ ಬಿದ್ದಿಲ್ಲ. ಕನಕಪುರದ ವಿದ್ಯಾರ್ಥಿನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತೆನ್ನಿ. ಕತ್ತಲಿರುವಾಗಲೇ ಎದ್ದು ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಬೇಕು. ಸುಮಾರು 40 ಕಿ.ಮೀ. ಬಂದು ಸಿಲ್ಕ್ ಇನ್‌ಸ್ಟಿಟ್ಯೂಟ್ ಬಳಿ ಇಳಿಯಬೇಕು, 2021ರ ಜನವರಿಯಿಂದ ಹಸಿರು ಮಾರ್ಗದ ಮೆಟ್ರೊ ಅಲ್ಲಿಯವರೆಗೆ ಬಂದಿದೆ. ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಬೇಕು. ಹಿಂದೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನಿಂತು ಸವೆಯುತ್ತಿದ್ದ ಹೊತ್ತು ಇದರಿಂದ ಉಳಿದಿದೆ, ಸರಿ. ಆದರೆ ಸಂಜೆ ಆರೂವರೆಗೆ ಆಫೀಸು ಬಿಟ್ಟರೆ ಮನೆಯ ಬಾಗಿಲು ಮುಟ್ಟುವಾಗ ಒಂಬತ್ತು ದಾಟಿರುತ್ತದೆ. ಹಳ್ಳಿಯಾದರೆ ಕೊನೆಯ ಬಸ್ಸು ತಪ್ಪಿ, ಅಪ್ಪನೋ ಅಣ್ಣನೋ ಬೈಕಿನಲ್ಲಿ ಬಂದು ಕನಕಪುರದ ಬಸ್‌ಸ್ಟ್ಯಾಂಡಿನಲ್ಲಿ ಕಾಯಬೇಕು. ಒಬ್ಬಳ ಇಂಟರ್ನ್‌ಶಿಪ್ಪಿಗೆ ಮನೆಯ ಇನ್ನೊಬ್ಬರ ಸಂಜೆಯೂ ಹೋಗುತ್ತದೆ.

ಮಾಗಡಿಯ ಪಾಡು ಇನ್ನೂ ಕಷ್ಟದ್ದು. ತಾವರೆಕೆರೆ, ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ ಎಂದು ಬಸ್ಸು ತೆವಳುತ್ತ ಮೆಜೆಸ್ಟಿಕ್ ಸೇರಬೇಕು. ಹೊಸಹಳ್ಳಿಯಿಂದ ಕಡಬಗೆರೆವರೆಗೆ ಮಾಗಡಿ ರಸ್ತೆಗುಂಟ 12.5 ಕಿ.ಮೀ. ಮೆಟ್ರೊಗೆ ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿದೆ, ಆದರೆ ಈಗ ಕೊನೆಯ ವರ್ಷದಲ್ಲಿರುವವರಿಗೆ ಅದು ದಕ್ಕುವುದಿಲ್ಲ.

ಬೈಕಿರುವ ಹುಡುಗರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದೆಯಲ್ಲ ಎನ್ನಬಹುದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಅಪಘಾತಗಳನ್ನು ಕಂಡ ಮೇಲೆ ಅದು ಸರಿಯಾದ ನಿರ್ಧಾರವೇ. ಸರ್ವಿಸ್ ರಸ್ತೆಯಲ್ಲಿ ದಿನವೂ ನೂರು ಕಿ.ಮೀ. ಬೈಕು ಓಡಿಸಿ ಎಂದು ನಾನು ಯಾವ ಹುಡುಗನಿಗೂ ಹೇಳಲಾರೆ.

ಇಲ್ಲಿ ಶಕ್ತಿ ಯೋಜನೆಯ ಮಾತು ಹೇಳಲೇಬೇಕು. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ವಿದ್ಯಾರ್ಥಿ ಪಾಸು ಸಿಗುವುದು ಮನೆಯಿಂದ ಕಾಲೇಜಿಗೆ. ಕಾಲೇಜು ರಾಮನಗರದಲ್ಲಿದ್ದು ಇಂಟರ್ನ್‌ಶಿಪ್ ಬೆಂಗಳೂರಿನಲ್ಲಾದರೆ ಆ ಪಾಸು ಉಪಯೋಗಕ್ಕೆ ಬರುವುದಿಲ್ಲ. ಶಕ್ತಿ ಇಲ್ಲದಿದ್ದರೆ ಎಷ್ಟೋ ಹುಡುಗಿಯರು ಬೆಂಗಳೂರಿನ ಇಂಟರ್ನ್‌ಶಿಪ್ಪನ್ನು ಒಪ್ಪಿಕೊಳ್ಳುವುದೇ ಆಗುತ್ತಿರಲಿಲ್ಲ. ಅದರ ಉಪಕಾರ ದೊಡ್ಡದು. ಆದರೆ ಬಸ್ಸು ಪುಕ್ಕಟೆ ಆದದ್ದರಿಂದಲೇ ಮನೆಯಲ್ಲಿ ವಾದ ಒಂದು ಕಡೆಗೆ ವಾಲಿದೆ. ಅಣ್ಣನಿಗೆ ರೂಮು, ತಂಗಿಗೆ ಬಸ್ಸು. ಟಿಕೆಟ್ಟಿನ ದುಡ್ಡು ಉಳಿಯಿತು, ದಿನಕ್ಕೆ ಐದಾರು ಗಂಟೆ ಹೋಯಿತು. ಆ ಗಂಟೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಆಗುವುದಾದರೆ ಉಳಿಯಬೇಕು. ನಾಲ್ಕೂ ತಿಂಗಳು ಆಗದಿದ್ದರೆ ಮೊದಲ ಎರಡು ತಿಂಗಳಾದರೂ ಉಳಿಯಬೇಕು. ಆಫೀಸಿನ ಕಲಿಕೆ ಗಡಿಯಾರ ನೋಡಿ ನಡೆಯುವುದಿಲ್ಲ. ಸಂಜೆ ಆರರ ಮೇಲೆ ಕೆಲಸದ ಒತ್ತಡ ಇಳಿದಾಗಲೇ ಹಿರಿಯ ಎಂಜಿನಿಯರ್ ಕುರ್ಚಿ ತಿರುಗಿಸಿ, "ಬಾಮ್ಮ, ನೀನು ಬರೆದ ಕೋಡ್ ಯಾಕೆ ಓಡ್ತಿಲ್ಲ ನೋಡೋಣ" ಎನ್ನುವುದು. ಐದೂಮುಕ್ಕಾಲಿಗೇ ರೈಲಿನ ಹೊತ್ತು ನೋಡುತ್ತ ಬ್ಯಾಗು ಏರಿಸುವವರಿಗೆ ಆ ಮಾತು ಸಿಗುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿ ಬಂದವರಿಗೆ ಇದು ಇನ್ನೂ ಮುಖ್ಯ. ಮೀಟಿಂಗಿನಲ್ಲಿ ಇಂಗ್ಲಿಷಿಗೆ ತಡವರಿಸುವ ಹುಡುಗ ಕ್ಯಾಂಟೀನಿನಲ್ಲಿ, ರಾತ್ರಿ ರೂಮಿನ ಜೊತೆಗಾರರೊಡನೆ ಮಾತಾಡುತ್ತಾಡುತ್ತ ಸಲೀಸಾಗುತ್ತಾನೆ. ಆನ್‌ಲೈನ್ ಕೋರ್ಸಿನ ಅಸೈನ್‌ಮೆಂಟ್ ಬರೆಯುವುದಕ್ಕೂ ರಾತ್ರಿ ಎರಡು ಗಂಟೆ ಬೇಕು, ರೈಲಿನಲ್ಲಿ ನಿಂತುಕೊಂಡು ಅದು ಆಗುವುದಿಲ್ಲ. ಮನೆಯಲ್ಲಿ ತಟ್ಟೆಗೆ ಬಂದು ಬೀಳುತ್ತಿದ್ದ ಊಟವನ್ನು ಹೊಂದಿಸಿಕೊಳ್ಳುವುದು, ಬಟ್ಟೆ ಒಗೆದುಕೊಳ್ಳುವುದು, ತಿಂಗಳ ಕೊನೆಗೆ ದುಡ್ಡು ಉಳಿಸಿಕೊಳ್ಳುವುದು, ಇವೂ ಕಲಿಯಬೇಕಾದವೇ.

ಉಳಿಯುವುದೆಂದರೆ ಖರ್ಚು. ಬೆಂಗಳೂರಿನ ಪಿ.ಜಿ.ಯೊಂದರಲ್ಲಿ ಮೂವರಿಗೆ ಒಂದು ರೂಮಾದರೂ ಊಟ ಸೇರಿ ತಿಂಗಳಿಗೆ ಏಳೆಂಟು ಸಾವಿರ ರೂಪಾಯಿ ಎಂದೇ ಹಿಡಿಯಬೇಕು. ಐ.ಟಿ. ಕಂಪನಿಗಳ ಆಸುಪಾಸಿನಲ್ಲಿ ಇನ್ನೂ ಹೆಚ್ಚು. ಮೇಲೆ ಅಡ್ವಾನ್ಸು, ಓಡಾಟ, ಫೋನು, ಆಗೀಗ ಔಷಧಿ. ನಾಲ್ಕು ತಿಂಗಳಿಗೆ 40 ಸಾವಿರ ರೂಪಾಯಿಗೆ ಕಡಿಮೆ ಬಾರದು. ಇದನ್ನು ನಮ್ಮ ಕಡೆಯ ರೇಷ್ಮೆ ಮನೆಯ ಲೆಕ್ಕಕ್ಕೆ ತಂದು ನೋಡಿ. ನೂರು ಮೊಟ್ಟೆ ಚಾಕಿ ತಂದು, ಹಗಲು ರಾತ್ರಿ ಸೊಪ್ಪು ಹಾಕಿ, ಹುಳು ಹಣ್ಣಾಗಿ, ಚಂದ್ರಿಕೆಗೆ ಬಿಟ್ಟು, ರೋಗ ರುಜಿನ ಇಲ್ಲದೆ ಬೆಳೆ ಕೈಗೆ ಬಂದರೆ 70 ಕೆ.ಜಿ. ಗೂಡು ಒಳ್ಳೆಯ ಇಳುವರಿ. ರಾಮನಗರದ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಕೆ.ಜಿ.ಗೆ 500 ರೂಪಾಯಿ ಸಿಕ್ಕಿತೆಂದುಕೊಂಡರೂ 35 ಸಾವಿರ ರೂಪಾಯಿ ಆಯಿತು. ಸೊಪ್ಪು, ಆಳು, ಚಾಕಿ ಖರ್ಚು ಅದರಲ್ಲೇ ಕಳೆಯಬೇಕು. ಎಂದರೆ ಮಗಳ ಇಂಟರ್ನ್‌ಶಿಪ್ಪಿಗೆ ಒಂದು ಬೆಳೆ ಪೂರ್ತಿ ಹೋಗಿ, ಇನ್ನೊಂದು ಬೆಳೆಗೂ ಕೈ ಹಾಕಬೇಕು. ಅಪ್ಪ "ದಿನಾ ಓಡಾಡು" ಎಂದದ್ದು ಜಿಪುಣತನದಿಂದಲ್ಲ.

ಸ್ಟೈಪೆಂಡ್ ಸಿಕ್ಕರೆ ಈ ಭಾರ ಇಳಿಯುತ್ತದೆ. ಆದರೆ ಓದುವಾಗಿನ ಇಂಟರ್ನ್‌ಶಿಪ್ಪಿಗೆ ಇಷ್ಟು ಕೊಡಲೇಬೇಕೆಂಬ ಕಾನೂನಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಕನಿಷ್ಠ ಸ್ಟೈಪೆಂಡ್, ಅಪ್ರೆಂಟಿಸ್ ಎಂದು ಒಪ್ಪಂದವಾಗಿ ನೋಂದಣಿಯಾದವರಿಗೆ ಮಾತ್ರ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯಲ್ಲಿ ಆಗ ತಿಂಗಳಿಗೆ 5,000 ರೂಪಾಯಿ ಇತ್ತು, ಆದರೆ ಪೂರ್ಣಾವಧಿ ಓದುತ್ತಿದ್ದವರಿಗೆ ಅದರಲ್ಲಿ ಜಾಗವಿರಲಿಲ್ಲ. ಈ ವಿಷಯ ತಿಳಿಯದೆ ಅರ್ಜಿ ಹಾಕಿ ಕಾಯುತ್ತ ಕೂತ ಹುಡುಗರನ್ನು ಕಂಡಿದ್ದೇನೆ. ದೊಡ್ಡ ಕಂಪನಿಗಳು ಒಳ್ಳೆಯ ಸ್ಟೈಪೆಂಡ್ ಕೊಡುತ್ತವೆ, ಆದರೆ ಅವು ಹುಡುಕಿಕೊಂಡು ಹೋಗುವ ಕಾಲೇಜುಗಳೇ ಬೇರೆ. ಸಣ್ಣ ಕಂಪನಿಗಳಲ್ಲಿ ಹಲವು ಏನೂ ಕೊಡುವುದಿಲ್ಲ.

ಇಲ್ಲಿಂದಲೇ ಒಂದು ಕೆಟ್ಟ ವ್ಯಾಪಾರ ಹುಟ್ಟಿದೆ. ನಾಲ್ಕೈದು ಸಾವಿರ ರೂಪಾಯಿ ಕಟ್ಟಿಸಿಕೊಂಡು, ವಾರಕ್ಕೆರಡು ಆನ್‌ಲೈನ್ ಕ್ಲಾಸು ಮಾಡಿ, ಕೊನೆಗೆ ಇಂಟರ್ನ್‌ಶಿಪ್ ಸರ್ಟಿಫಿಕೇಟು ಕೊಡುವವರಿದ್ದಾರೆ. ಹುಡುಗರು ಸೋಮಾರಿಗಳು, ಅದಕ್ಕೇ ಇಂಥದಕ್ಕೆ ಬೀಳುತ್ತಾರೆ ಎಂದು ಬೈಯುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ನಿಜವಾದ ಇಂಟರ್ನ್‌ಶಿಪ್ಪಿಗೆ 40 ಸಾವಿರ, ಸುಳ್ಳಿನದಕ್ಕೆ ಐದು ಸಾವಿರ, ಎರಡಕ್ಕೂ ಸಿಗುವ ಕ್ರೆಡಿಟ್ ಹತ್ತೇ ಎಂದಾದರೆ ಬಡ ಮನೆಯ ಲೆಕ್ಕ ಎತ್ತ ಹೋಗುತ್ತದೆ? ವಸತಿಯ ಪ್ರಶ್ನೆ ಬಗೆಹರಿಯದೆ ಈ ಸರ್ಟಿಫಿಕೇಟ್ ಅಂಗಡಿಗಳು ಮುಚ್ಚುವುದಿಲ್ಲ. ಸುತ್ತೋಲೆಯಿಂದ ಅದು ಆಗುವ ಕೆಲಸವಲ್ಲ.

ಹಿಂದೆ ನಮ್ಮ ಸಮಾಜ ಇದನ್ನು ಅರ್ಥ ಮಾಡಿಕೊಂಡಿತ್ತು. ಗುಬ್ಬಿ ತೋಟದಪ್ಪನವರು ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಕಟ್ಟಿಸಿದ ಛತ್ರ ತೆರೆದದ್ದು 1903ರಲ್ಲಿ, ಅದರ ಬೆನ್ನಿಗೇ ವಿದ್ಯಾರ್ಥಿನಿಲಯವೂ ಬಂತು. ಊರಿಂದ ಬಂದವರಿಗೆ ಮೊದಲು ಬೇಕಾದ್ದು ತಲೆಯ ಮೇಲೊಂದು ಸೂರು ಎಂದು ಆ ವ್ಯಾಪಾರಿಗೆ ಗೊತ್ತಿತ್ತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ಶಿವಕುಮಾರ ಸ್ವಾಮೀಜಿ ಮುಂದೆ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ ಕೊಟ್ಟು ಓದಿಸಿದರು. ಅದೇ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯನವರ ಓದು ಬೆಳೆದದ್ದು ಗೋಪಾಲಪುರದ ಹಾಸ್ಟೆಲಿನಲ್ಲಿ. ಅವರ ಆತ್ಮಕಥೆ 'ಊರು ಕೇರಿ' ಓದಿದವರಿಗೆ ಆ ಹಾಸ್ಟೆಲಿನ ಪರಿಚಯ ಇದ್ದೇ ಇರುತ್ತದೆ. ಜಾತಿಸಂಘಗಳ ಹಾಸ್ಟೆಲುಗಳು, ಸರ್ಕಾರದ ಹಾಸ್ಟೆಲುಗಳು ಎಷ್ಟು ಇಕ್ಕಟ್ಟಾಗಿದ್ದರೂ, ಸಾರು ಎಷ್ಟು ನೀರಾಗಿದ್ದರೂ, ಒಂದು ತಲೆಮಾರನ್ನು ಬೆಂಗಳೂರಿನಲ್ಲಿ ನಿಲ್ಲಿಸಿದವು.

ಇವತ್ತಿನ ಇಂಟರ್ನ್‌ಗೆ ಆ ಹಾಸ್ಟೆಲಿನಲ್ಲಿ ಜಾಗವಿಲ್ಲ. ಹಾಸ್ಟೆಲ್ ಸೀಟು ಸಿಗುವುದು ವರ್ಷದ ಆರಂಭದಲ್ಲಿ, ಓದುವ ಕಾಲೇಜಿನ ಹೆಸರಿಗೆ. ಫೆಬ್ರುವರಿಯಿಂದ ಮೇವರೆಗೆ ಬೆಂಗಳೂರಿನಲ್ಲಿ ಮಂಚ ಬೇಕು, ನನ್ನ ಕಾಲೇಜು ಮಾತ್ರ ರಾಮನಗರದಲ್ಲಿದೆ ಎಂದರೆ ಆ ಅರ್ಜಿಗೆ ಕಾಲಂ ಇಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಇರುವ ವಿದ್ಯಾಸಿರಿ ಯೋಜನೆ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳ ನೆರವಿನೊಂದಿಗೆ ಆರಂಭವಾಯಿತು. ಪಿ.ಜಿ. ಬಾಡಿಗೆಯ ಕಾಲುಭಾಗವೂ ಅದರಲ್ಲಿ ಏಳುವುದಿಲ್ಲ. ಇಂಟರ್ನ್‌ಶಿಪ್ಪಿನ ಸೆಮಿಸ್ಟರಿಗೆ ಬೇರೆಯೇ ದರ ಬೇಕು. ಬೆಂಗಳೂರಿನ ಸರ್ಕಾರಿ ಹಾಸ್ಟೆಲುಗಳಲ್ಲಿ ಹತ್ತಕ್ಕೊಂದು ಮಂಚವನ್ನಾದರೂ ಹೀಗೆ ಅಲ್ಪಾವಧಿಗೆ ಬರುವ ಜಿಲ್ಲೆಯ ಮಕ್ಕಳಿಗೆ ಬಿಡಬೇಕು. ಇದು ಹೊಸ ಕಟ್ಟಡ ಕೇಳುವ ಬೇಡಿಕೆಯಲ್ಲ, ಇರುವ ನಿಯಮದಲ್ಲಿ ಒಂದು ಸಾಲು ಸೇರಿಸುವ ಕೆಲಸ.

ಓದನ್ನೂ ಕೆಲಸವನ್ನೂ ಹೀಗೆ ಹೆಣೆಯುವ ಪದ್ಧತಿಯನ್ನು 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಶುರು ಮಾಡಿದರು. ನಮ್ಮ ದೇಶದಲ್ಲಿ ಬಿಟ್ಸ್ ಪಿಲಾನಿ 1973ರಿಂದ 'ಪ್ರಾಕ್ಟೀಸ್ ಸ್ಕೂಲ್' ನಡೆಸುತ್ತಿದೆ. ಅಲ್ಲಿ ಯಾವ ವಿದ್ಯಾರ್ಥಿ ಯಾವ ಸಂಸ್ಥೆಗೆ ಹೋಗಬೇಕೆಂಬ ಏರ್ಪಾಡು ಕಾಲೇಜಿನದು, ಮೇಲ್ವಿಚಾರಣೆಗೆ ಅಧ್ಯಾಪಕರೂ ಇರುತ್ತಾರೆ. ನಾವು ಪದ್ಧತಿಯ ಹೆಸರನ್ನು, ಕ್ರೆಡಿಟ್ಟನ್ನು ತಂದೆವು, ಕಾಲೇಜಿನ ಹೊಣೆಯನ್ನು ತರಲಿಲ್ಲ.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಎಲ್ಲರೂ ಬೆಂಗಳೂರಿಗೇ ಹೋಗಬೇಕೆ? ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಓದಿದವರಿಗೆ ಬಿಡದಿ ಇದೆ. ಟೊಯೋಟ ಕಿರ್ಲೋಸ್ಕರ್ ಅಲ್ಲಿ 1999ರಿಂದ ವಾಹನ ತಯಾರಿಸುತ್ತಿದೆ, ಬಾಷ್ ಘಟಕವಿದೆ, ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗಳು ಸಾಲಾಗಿವೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಕನಕಪುರದವರಿಗೆ ಮನೆಯ ದಾರಿಯಲ್ಲೇ ಸಿಗುತ್ತದೆ. ಸಣ್ಣ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮೇಸ್ತ್ರಿಯ ಜೊತೆ ನಿಂತು, ಒಂದು ಡೈ ಯಾಕೆ ಸವೆಯುತ್ತಿದೆ ಎಂದು ನಾಲ್ಕು ತಿಂಗಳು ನೋಡಿದವನು, ಬೆಂಗಳೂರಿನ ಏ.ಸಿ. ರೂಮಿನಲ್ಲಿ ಪಿಪಿಟಿ ಮಾಡಿದವನಿಗಿಂತ ಹೆಚ್ಚು ಕಲಿತಿರುತ್ತಾನೆ. ಚನ್ನಪಟ್ಟಣದ ಬೊಂಬೆ ಘಟಕಗಳಲ್ಲೂ ಕೆಲಸವಿದೆ. ಆಲೆಮರದ ತುಂಡಿಗೆ ಅರಗು ಹಚ್ಚುವ ಲೇತ್‌ನ ದೂಳನ್ನು ಹೇಗೆ ಹೀರುವುದು, ಒಂದೇ ಅಳತೆಯ ಸಾವಿರ ತುಂಡು ಹೇಗೆ ತಿರುವುವುದು ಎಂಬುದು ಒಳ್ಳೆಯ ಎಂಜಿನಿಯರಿಂಗ್ ಪ್ರಶ್ನೆಯೇ. ಕಾಲೇಜುಗಳು ಇಂಥ ಘಟಕಗಳ ಬಾಗಿಲು ತಟ್ಟಿದ್ದು ಕಡಿಮೆ. ಕಂಪ್ಯೂಟರ್ ಸೈನ್ಸ್‌ನವರಿಗೆ ಮಾತ್ರ ಈ ದಾರಿ ಅಷ್ಟಾಗಿ ಇಲ್ಲ, ಅವರು ಬೆಂಗಳೂರಿಗೆ ಹೋಗಲೇಬೇಕು.

ಹೋಗುವವರಿಗೆ ಎರಡು ಮಾತು. ಪಿ.ಜಿ.ಯಲ್ಲಿ ಅಡ್ವಾನ್ಸು ಕೊಡುವ ಮೊದಲು, ನಾಲ್ಕೇ ತಿಂಗಳು ಇರುತ್ತೇನೆಂದು ಬಾಯಿಬಿಟ್ಟು ಹೇಳಿ. ಸೇರುವ ತಾರೀಖು, ಬಿಡುವ ತಾರೀಖು ಎರಡನ್ನೂ ರಸೀದಿಯ ಮೇಲೆ ಬರೆಸಿಕೊಳ್ಳಿ. ಗೋಡೆಯ ಮೇಲೆ ಅಂಟಿಸಿದ ಚೀಟಿಯನ್ನು ನಿಂತು ಓದಿ. ಬಿಡುವಾಗ ಒಂದು ತಿಂಗಳ ಮುಂಚೆ ತಿಳಿಸಬೇಕು, ಮೇಂಟೆನೆನ್ಸ್ ಎಂದು ಇಷ್ಟು ಹಿಡಿದುಕೊಳ್ಳುತ್ತೇವೆ, ಭಾನುವಾರ ರಾತ್ರಿ ಊಟವಿಲ್ಲ ಎಂಬುದೆಲ್ಲ ಅದರಲ್ಲೇ ಇರುತ್ತದೆ. ನೀರು ಯಾವ ಹೊತ್ತಿಗೆ ಬರುತ್ತದೆಂದು ಮಾಲೀಕರನ್ನು ಕೇಳಬೇಡಿ, ಮೆಟ್ಟಿಲಲ್ಲಿ ಸಿಗುವ ಹುಡುಗರನ್ನು ಕೇಳಿ. ಹೆಣ್ಣುಮಕ್ಕಳ ತಂದೆ ತಾಯಂದಿರಿಗೆ ತಿಳಿಯದ ಒಂದು ದಾರಿಯೂ ಇದೆ. ಕೇಂದ್ರದ ನೆರವಿನಿಂದ ನಡೆಯುವ ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳಲ್ಲಿ, ಈಗಿನ ಹೆಸರು ಸಖಿ ನಿವಾಸ, ಉದ್ಯೋಗ ತರಬೇತಿಯಲ್ಲಿರುವ ಹೆಣ್ಣುಮಕ್ಕಳಿಗೂ ಅವಕಾಶವಿದೆ. ತರಬೇತಿ ಒಂದು ವರ್ಷ ಮೀರಬಾರದು, ಕೆಲಸಕ್ಕೆ ಹೋಗುವವರಿಗೆ ಕೊಟ್ಟು ಉಳಿದ ಜಾಗ ಇರಬೇಕು, ಅಂಥವರ ಸಂಖ್ಯೆ ಒಟ್ಟು ಸಾಮರ್ಥ್ಯದ ಶೇಕಡಾ 30 ದಾಟಬಾರದು ಎಂಬ ಷರತ್ತಿದೆ. ಕಂಪನಿಯ ಪತ್ರ, ಪ್ರಿನ್ಸಿಪಾಲರ ಪತ್ರ ಹಿಡಿದು ಹೋಗಿ ಕೇಳುವುದರಲ್ಲಿ ನಷ್ಟವಿಲ್ಲ.

ಕಾಲೇಜುಗಳು ಯಾರ ಅನುದಾನಕ್ಕೂ ಕಾಯದೆ ಮಾಡಬಹುದಾದ ಕೆಲಸವೂ ಒಂದಿದೆ. ಏಳು ಮತ್ತು ಎಂಟನೇ ಸೆಮಿಸ್ಟರುಗಳನ್ನು ಅದಲು ಬದಲು ಮಾಡಿಕೊಳ್ಳಲು ವಿ.ಟಿ.ಯು. ಅವಕಾಶ ಕೊಟ್ಟಿದೆ. ಒಂದು ವಿಭಾಗದವರು ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ, ಇನ್ನೊಂದು ವಿಭಾಗದವರು ಫೆಬ್ರುವರಿಯಿಂದ ಜೂನ್‌ವರೆಗೆ ಇಂಟರ್ನ್‌ಶಿಪ್ಪಿಗೆ ಹೊರಟರೆ ಬೆಂಗಳೂರಿನ ಅದೇ ಪಿ.ಜಿ.ಯ ಅದೇ ಐದಾರು ರೂಮುಗಳು ವರ್ಷವಿಡೀ ಒಂದೇ ಕಾಲೇಜಿನ ಮಕ್ಕಳ ಕೈಯಲ್ಲಿ ಉಳಿಯುತ್ತವೆ. ವರ್ಷ ಪೂರ್ತಿ ಬಾಡಿಗೆ ಬರುತ್ತದೆಂದರೆ ಮಾಲೀಕರು ದರ ಇಳಿಸುತ್ತಾರೆ, ಅಡ್ವಾನ್ಸನ್ನು ಬಿಟ್ಟು ಹೋಗುವವರಿಂದ ಬರುವವರಿಗೆ ದಾಟಿಸಬಹುದು, ಮೊದಲ ಸಲ ಹೋಗುವ ಹುಡುಗಿಯ ಅಮ್ಮನಿಗೆ ಅಲ್ಲಿ ಇದ್ದು ಬಂದ ಹುಡುಗಿಯ ಅಮ್ಮನ ಫೋನ್ ನಂಬರು ಕೊಡಬಹುದು. ಇದಕ್ಕೆ ಬೇಕಾದ್ದು ಇಬ್ಬರು ವಿಭಾಗ ಮುಖ್ಯಸ್ಥರು ವರ್ಷದ ವೇಳಾಪಟ್ಟಿ ಬರೆಯುವ ಮೊದಲು ಒಂದು ಮಧ್ಯಾಹ್ನ ಕೂತು ಮಾತಾಡುವುದು, ಮತ್ತು ಹಳೆಯ ವಿದ್ಯಾರ್ಥಿಗಳಿಂದ ರೂಮುಗಳ ಒಂದು ಪಟ್ಟಿ ಬರೆಸಿಕೊಳ್ಳುವುದು.